ಕಂದಿಲ್ಲದ ಬಾಳೆ

ಬಾಳೆಯನ್ನು ಗುರುತಿಸಲಾರದ ಹೆಂಗಸು ನಮ್ಮ ಕಡೆ ಯಾರಿದ್ದಾರೆ ಹೇಳಿ. ಮದುವೆಯ ಚಪ್ಪರಕ್ಕೆ ಗೊನೆ ಸಮೇತ ಮರ ಬೇಕು, ಊಟಕ್ಕೆ ಕುಡಿ ಎಲೆ ಬೇಕು, ಹೂ ಕಟ್ಟುವುದಕ್ಕೆ ಪಟ್ಟೆಯ ನಾರು ಬೇಕು. ಮೂತಿಯ ಪಲ್ಯ, ದಿಂಡಿನ ಮೊಸರುಬಜ್ಜಿ, ಕಾಯಿಯ ಹುಳಿ, ಹಣ್ಣಿನ ರಸಾಯನ ಎಂದು ಅಡಿಗೆಮನೆಯ ಲೆಕ್ಕ ಬೇರೆ. ಹುಟ್ಟಿದಂದಿನಿಂದ ಕಣ್ಣೆದುರಿಗೇ ಇರುವ ಗಿಡ. ಹೀಗಿದ್ದೂ ಶಿವಮೊಗ್ಗದ ನಮ್ಮ ಮನೆಯ ಮುಂದೆ ಹತ್ತು ವರ್ಷ ನಿಂತಿದ್ದ ಒಂದು ಬಾಳೆಯನ್ನು ನಮ್ಮ ಬೀದಿಯಲ್ಲಿ ಒಬ್ಬರೂ ಗುರುತಿಸಲಿಲ್ಲ.

“ನೀರು ಜಾಸ್ತಿಯಾಗಿ ಬುಡ ಊದಿಕೊಂಡಿದೆ ನೋಡಿ” ಎಂದರು ಪಕ್ಕದ ಮನೆಯ ನಿವೃತ್ತ ಮೇಷ್ಟರು. ಹಾಲು ಹಾಕುವ ಹುಡುಗ “ಆಂಟಿ, ನಿಮ್ಮ ಬಾಳೆಗೆ ಆನೆಕಾಲು ಬಂದಿದೆ” ಎಂದು ನಕ್ಕ. ತರಕಾರಿ ಗಾಡಿಯಾಕೆ ಇನ್ನೂ ನಿಷ್ಠುರ. “ಅಮ್ಮಾ, ಇದು ಬರೀ ಎಲೆ ಬಿಡೋ ಜಾತಿ. ತೆಗೆಸಿ ಪುಟ್ಟಬಾಳೆ ಹಾಕಿ” ಎಂದು ಬುದ್ಧಿ ಹೇಳಿದಳು. ಎದುರುಮನೆಯ ಅಕ್ಕನಿಗೆ ಮಾತ್ರ ಅದರ ಅಗಲವಾದ ಎಲೆಗಳ ಮೇಲೆ ಕಣ್ಣು. “ಒಂದು ಕಂದು ಕೊಡಿ, ನಮ್ಮ ಹಿತ್ತಿಲಿಗೆ ಹಾಕ್ತೀನಿ” ಎಂದು ಕೇಳಿದರು.

“ಇದು ಕಂದು ಬಿಡೋದಿಲ್ಲ ಅಕ್ಕ” ಎಂದೆ.

“ಅಯ್ಯೋ, ಕಂದು ಬಿಡದ ಬಾಳೇನ ಮನೆ ಮುಂದೆ ಯಾಕೆ ಇಟ್ಕೊಂಡಿದೀರಿ?”

ಅವರು ಏನೂ ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದಲ್ಲ. ಆದರೆ ಆ ಪ್ರಶ್ನೆಗೆ ನಾನು ಉತ್ತರ ಹೇಳಬೇಕಾದರೆ ನಮ್ಮ ಅತ್ತೆಯ ಕಥೆ ಹೇಳಬೇಕು. ಗೇಟಿನ ಹತ್ತಿರ ನಿಂತು ಹೇಳಿ ಮುಗಿಸುವ ಕಥೆ ಅದಲ್ಲ. ಆ ದಿನ ನಕ್ಕು ಸುಮ್ಮನಾದೆ. ಈಗ ಕೂತು ಬರೆಯುತ್ತಿದ್ದೇನೆ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ನನ್ನ ತವರು ತೀರ್ಥಹಳ್ಳಿ ಕಡೆಯ ಒಂದು ಒಂಟಿಮನೆ. ಮುಂದೆ ಗದ್ದೆ, ಪಕ್ಕದಲ್ಲಿ ತೋಟ, ಹಿಂದೆ ಗುಡ್ಡ. ಅತ್ತೆಗೆ ಹದಿನಾರಕ್ಕೆ ಮದುವೆಯಾಗಿತ್ತು. ಹನ್ನೆರಡು ವರ್ಷ ಮಕ್ಕಳಾಗಲಿಲ್ಲ. ಹರಕೆ, ವ್ರತ, ಕಷಾಯ ಎಲ್ಲ ಮುಗಿದ ಮೇಲೆ ಮಾವ ಇನ್ನೊಂದು ಮದುವೆ ಮಾಡಿಕೊಂಡರು. ಅತ್ತೆ ಒಂದು ಟ್ರಂಕು ಹಿಡಿದುಕೊಂಡು ತವರಿಗೆ ಬಂದರು. ತಪ್ಪು ಯಾರಲ್ಲಿತ್ತು ಎಂದು ಪರೀಕ್ಷೆ ಮಾಡಿಸುವ ಕಾಲ ಅದಲ್ಲ. ಎರಡನೆಯ ಹೆಂಡತಿಗೂ ಮಕ್ಕಳಾಗಲಿಲ್ಲ ಎಂಬ ಸುದ್ದಿ ಬಹಳ ವರ್ಷಗಳ ಮೇಲೆ ಬಂತು. ಆಗ ಅದನ್ನು ಕೇಳಿ ಯಾರೂ ಏನೂ ಅನ್ನಲಿಲ್ಲ, ಅತ್ತೆಯೂ ಅನ್ನಲಿಲ್ಲ.

1967ರಲ್ಲಿ ನನಗೆ ಹತ್ತು ವರ್ಷ. ಮನೆಯಲ್ಲಿ ಯಾವುದೋ ಸಮಾರಂಭ, ನೆಂಟರು ತುಂಬಿದ್ದರು. ಬಾವಿಕಟ್ಟೆಯ ಹತ್ತಿರ ಇಬ್ಬರು ಹೆಂಗಸರು ಪಾತ್ರೆ ಬೆಳಗುತ್ತ ಮಾತಾಡುತ್ತಿದ್ದರು. “ಅದು ಕಲ್ಲುಬಾಳೆ ಮಾರಾಯ್ತಿ, ಕಂದು ಒಡೆಯೋ ಜಾತಿ ಅಲ್ಲ” ಎಂದು ಒಬ್ಬರು ಅಂದದ್ದು ಕೇಳಿಸಿತು. ನನಗೆ ಹೊಸ ಶಬ್ದ. ಹೊಸ ಶಬ್ದ ಕೇಳಿದರೆ ಓಡಿಹೋಗಿ ಅತ್ತೆಯನ್ನು ಕೇಳುವುದು ನನ್ನ ರೂಢಿ. ಅವರು ಜಗಲಿಯಲ್ಲಿ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

“ಅತ್ತೆ, ಕಲ್ಲುಬಾಳೆ ಅಂದರೆ ಎಂಥದು?”

“ಯಾರು ಅಂದದ್ದು?”

ಹೇಳಿದೆ. ಯಾರನ್ನು ಕುರಿತು ಅಂದದ್ದು ಎಂಬುದು ನನಗೆ ಗೊತ್ತಿರಲಿಲ್ಲ, ಆದ್ದರಿಂದ ಅವರ ಮಾತನ್ನು ಪೂರ್ತಿಯಾಗಿಯೇ ಒಪ್ಪಿಸಿದೆ. ಅತ್ತೆ ಅಕ್ಕಿಯನ್ನು ಒಂದು ಸಲ ಕೇರಿದರು. “ತೋರಿಸ್ತೀನಿ, ಮಳೆ ಸ್ವಲ್ಪ ಹೊಳವಾಗಲಿ” ಎಂದರು. ಅಷ್ಟೇ.

ಆಷಾಢದಲ್ಲಿ ಮಳೆ ಒಂದು ದಿನ ಬಿಡುವು ಕೊಟ್ಟಾಗ ನನ್ನನ್ನು ಗುಡ್ಡಕ್ಕೆ ಕರೆದುಕೊಂಡು ಹೋದರು. ಇಬ್ಬರ ತಲೆಯ ಮೇಲೂ ಕಂಬಳಿಕೊಪ್ಪೆ, ಕಾಲಿಗೆ ಉಂಬಳ ಹತ್ತದಂತೆ ಹೊಗೆಸೊಪ್ಪು ಸುಣ್ಣ ತಿಕ್ಕಿದ್ದು. ಗುಡ್ಡದ ನೆತ್ತಿಯ ಹತ್ತಿರ ದೊಡ್ಡ ಕರಿಬಂಡೆ. ಹುಲ್ಲೂ ನಿಲ್ಲಲಾರದಷ್ಟು ಕಡಿದಾದ ಆ ಬಂಡೆಯ ಸೀಳುಗಳಲ್ಲಿ ಏಳೆಂಟು ಬಾಳೆಗಳು ನಿಂತಿದ್ದವು. ಅಂಥ ಕಡೆ ಬಾಳೆಯನ್ನು ನಾನು ಎಣಿಸಿಯೇ ಇರಲಿಲ್ಲ. ನಮ್ಮ ತೋಟದ ಬಾಳೆ ಬಚ್ಚಲ ನೀರು ಕುಡಿದು ಬೆಳೆಯುವ ಸುಖದ ಜಾತಿ.

“ಸರಿಯಾಗಿ ನೋಡು” ಎಂದರು ಅತ್ತೆ. “ಮನೆಬಾಳೆ ಕಂಬದ ಹಾಗೆ ನೆಟ್ಟಗಿರ್ತದೆ. ಇದರ ಬುಡ ಹಂಡೆಯ ಹಾಗಿದೆ, ಮೇಲೆ ಹೋದ ಹಾಗೆ ಸಪೂರ. ಮೈ ಮುಟ್ಟಿ ನೋಡು, ಬಿದ್ದ ಎಲೆಗಳ ಗುರುತು ಬಳೆ ತೊಟ್ಟ ಹಾಗೆ ಒತ್ತೊತ್ತಾಗಿ ಉಳಿದಿದೆ. ಈಗ ಬುಡ ಸುತ್ತಿ ಬಾ. ಎಷ್ಟು ಕಂದು ಇದೆ ಎಣಿಸು.”

ಸುತ್ತಿ ಬಂದೆ. ಒಂದೂ ಇರಲಿಲ್ಲ.

“ಇಲ್ಲ ಅಲ್ಲವಾ? ಹಾಗಾದರೆ ಇಲ್ಲಿ ಏಳೆಂಟು ಹೇಗೆ ಬಂತು?”

ನನಗೆ ಹೊಳೆಯಲಿಲ್ಲ. ಅತ್ತೆ ಬಂಡೆಯ ಕೆಳಗೆ ಕೊಳೆತ ಎಲೆಯನ್ನು ಕೆದಕಿ ನಾಲ್ಕು ಬೀಜ ತೆಗೆದು ನನ್ನ ಅಂಗೈ ಮೇಲೆ ಇಟ್ಟರು. ಕಡಲೆಕಾಳಿನಷ್ಟು ದಪ್ಪ, ಕಪ್ಪು, ಕಲ್ಲಿನಷ್ಟೇ ಗಟ್ಟಿ. ಬಾಳೆಗೆ ಬೀಜವಿರುತ್ತದೆ ಎಂಬುದೇ ನನಗೆ ಅಂದು ತಿಳಿದದ್ದು. “ಇದು ಕಂದು ಬಿಡೋದಿಲ್ಲ. ಒಂದೇ ಸಲ ಹೂ ಬಿಡ್ತದೆ, ಒಂದೇ ಗೊನೆ ಹಾಕ್ತದೆ, ಆಮೇಲೆ ಸಾಯ್ತದೆ. ಆದರೆ ಆ ಒಂದು ಗೊನೆಯಲ್ಲಿ ಇಂಥ ಬೀಜ ಎಷ್ಟಿರ್ತದೆ ಗೊತ್ತುಂಟಾ? ಕಂದು ಬಿಟ್ಟಿದ್ದರೆ ಅಮ್ಮನ ಪಕ್ಕದಲ್ಲೇ ನಿಲ್ತಿತ್ತು. ಬೀಜ ಆದ್ದರಿಂದ ಗುಡ್ಡ ಎಲ್ಲ ಹೋಗ್ತದೆ” ಎಂದರು.

ಆ ದಿನ ಇನ್ನೊಂದು ಮಾತು ಹೇಳಿದರು. ಅದನ್ನು ನಾನು ಮರೆತಿಲ್ಲ. “ಮನೆಬಾಳೆ ಕಡಿದರೆ ಪಕ್ಕದಲ್ಲಿ ನಾಲ್ಕು ನಿಂತಿರ್ತವೆ, ಚಿಂತೆ ಇಲ್ಲ. ಇದನ್ನು ಹಣ್ಣಾಗೋ ಮೊದಲೇ ಕಡಿದರೆ ಅದರ ಮನೆಯೇ ಮುಗೀತು. ತಿನ್ನಬಾರದು ಅಂತಲ್ಲ. ಬಿದ್ದದ್ದು ತಿನ್ನು, ಹತ್ತಿದ್ದಲ್ಲಿ ಒಂದು ತಿನ್ನು. ಒಂದೇ ಇದ್ದರೆ ಕೈ ಹಚ್ಚಬೇಡ.” ಮಳೆಗೆ ಬುಡ ಸಡಿಲಾಗಿ ಬಂಡೆಯಿಂದ ಜಾರಿ ಬಿದ್ದಿದ್ದ ಒಂದು ಗಿಡದ ದಿಂಡನ್ನು ಹೊತ್ತು ತಂದೆವು. ಅತ್ತೆ ಅದನ್ನು ಬಿಲ್ಲೆ ಹೆಚ್ಚಿ, ಬೆರಳಿಗೆ ನಾರು ಸುತ್ತಿ ತೆಗೆದು, ಮಜ್ಜಿಗೆ ನೀರಿನಲ್ಲಿ ಹಾಕಿಟ್ಟು, ಕಾಯಿತುರಿ ಸಾಸಿವೆ ಅರೆದು ಪಲ್ಯ ಮಾಡಿದರು. ನಮ್ಮ ಬಾಳೆದಿಂಡಿನ ರುಚಿಯೇ, ಸ್ವಲ್ಪ ಒಗರು ಹೆಚ್ಚು. ಬಾವಿಕಟ್ಟೆಯಲ್ಲಿ ಮಾತಾಡಿದ್ದ ಹೆಂಗಸರಲ್ಲಿ ಒಬ್ಬರು ಇನ್ನೂ ನಮ್ಮಲ್ಲೇ ಇದ್ದರು. ಅತ್ತೆ ಅವರ ಎಲೆಗೆ ಎರಡು ಸಲ ಬಡಿಸಿದರು. “ಕಲ್ಲುಬಾಳೆ ಪಲ್ಯ, ಇನ್ನೂ ಸ್ವಲ್ಪ ಹಾಕಿಕೊಳ್ಳಿ” ಎಂದು ಅವರು ಹೇಳಿದಾಗ ಆ ಹೆಂಗಸು ತಲೆ ತಗ್ಗಿಸಿದ್ದು ನನಗೆ ಯಾಕೆಂದು ಅರ್ಥವಾಗಲಿಲ್ಲ. ಅರ್ಥವಾಗುವ ಹೊತ್ತಿಗೆ ನಾನೇ ಅಂಥದೊಂದು ತಪ್ಪು ಮಾಡಿಯಾಗಿತ್ತು.

1983ರಲ್ಲಿ ನನ್ನ ಸೀಮಂತ. ಅತ್ತೆ ಎರಡು ದಿನ ಮೊದಲೇ ಬಂದು ಚಕ್ಕುಲಿ ಕರಿದು, ಹಸಿರು ಸೀರೆಗೆ ಕುಚ್ಚು ಕಟ್ಟಿ, ಬೆಳಗಿನ ಜಾವ ಎದ್ದು ನನಗೆ ಮೊಗ್ಗಿನ ಜಡೆ ಹೆಣೆದರು. ಆರತಿಯ ಹೊತ್ತಿಗೆ ನನ್ನ ಗಂಡನ ಮನೆಯ ಹಿರಿಯರೊಬ್ಬರು ನನ್ನ ತಾಯಿಯ ಕಿವಿಯಲ್ಲಿ ಏನೋ ಅಂದರು. ತಾಯಿಯ ಮುಖ ಸಣ್ಣದಾಯಿತು. ಆರತಿ ತಟ್ಟೆ ಹಿಡಿದು ಬರುತ್ತಿದ್ದ ಅತ್ತೆಯ ಕೈಯಿಂದ ತಟ್ಟೆಯನ್ನು ಇನ್ನೊಬ್ಬರು ತೆಗೆದುಕೊಂಡರು. ನಾನು ಮಣೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದೆ. ಅತ್ತೆ ಒಂದು ಸಲ ನನ್ನ ಕಡೆ ನೋಡಿದರು. ‘ಅತ್ತೆಯೇ ಬರಲಿ’ ಎಂಬ ಆರು ಅಕ್ಷರದ ಮಾತು ನನ್ನ ಬಾಯಿಂದ ಬರಲಿಲ್ಲ. ಹೊಟ್ಟೆಯಲ್ಲಿ ಮಗು ಇತ್ತು, ಮನಸ್ಸಿನಲ್ಲಿ ಭಯ ಇತ್ತು. ಭಯ ಏನೆಂದು ಈಗ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಅತ್ತೆ ಅಡಿಗೆಮನೆಗೆ ಹೋದರು. ಆಮೇಲೆ ಎಲ್ಲರಿಗೂ ಅವರೇ ಬಡಿಸಿದರು, ನನಗೂ ಬಡಿಸಿದರು.

ಇಪ್ಪತ್ತೈದು ವರ್ಷ ಅದರ ಮಾತು ನಾವಿಬ್ಬರೂ ಎತ್ತಲಿಲ್ಲ. 2008ರಲ್ಲಿ ನಾನು ತವರಿಗೆ ಹೋದಾಗ ಅತ್ತೆಗೆ ಎಂಬತ್ತು ದಾಟಿತ್ತು. ಹೊರಡುವಾಗ ಒಂದು ಹಳೆಯ ಕುಂಕುಮದ ಭರಣಿ ಕೈಯಲ್ಲಿಟ್ಟರು. ಒಳಗೆ ಹನ್ನೊಂದು ಕಲ್ಲುಬಾಳೆ ಬೀಜ. ಆ ವರ್ಷದ್ದೇ, ತೋಟದ ಆಳಿನಿಂದ ಆರಿಸಿ ತರಿಸಿದ್ದಂತೆ. “ಗುಡ್ಡದಲ್ಲಿ ಈಗ ಇಲ್ಲ ಮಾರಾಯ್ತಿ, ಎಲ್ಲ ಕಿತ್ತುಕೊಂಡು ಹೋದರು. ನೀನು ಪೇಟೆಯಲ್ಲಿ ಹಾಕಿ ನೋಡು. ನಿನ್ನ ಕೈ ಒಳ್ಳೇದು” ಎಂದರು. ಆ ಕೊನೆಯ ಮಾತು ಕೇಳಿ ನನಗೆ ಅಳು ಬಂತು. 2010ರಲ್ಲಿ ಅತ್ತೆ ತೀರಿಕೊಂಡರು.

ಕಿತ್ತುಕೊಂಡು ಹೋದದ್ದು ಯಾಕೆ ಎಂದು ಕೇಳುತ್ತೀರೇನೋ. ಮೂತ್ರದಲ್ಲಿ ಕಲ್ಲಾದವರಿಗೆ ಕಲ್ಲುಬಾಳೆ ಮದ್ದು ಎಂಬ ನಂಬಿಕೆ ನಮ್ಮ ಕಡೆ ಮೊದಲಿನಿಂದ ಇದೆ. ಮೊದಲು ಊರಿಗೆ ಒಬ್ಬ ನಾಟಿವೈದ್ಯ ಒಂದು ಗಿಡ ತರುತ್ತಿದ್ದ. ಈಗ ಗುಡ್ಡದ ತನಕ ಜೀಪು ಹೋಗುತ್ತದೆ. ಕಂದು ಬಿಡದ ಗಿಡ, ಹೂ ಬರುವ ಮೊದಲೇ ದಿಂಡಿಗಾಗಿ ಕಡಿದರೆ ಮುಂದಿನ ತಲೆಮಾರು ಎಲ್ಲಿಂದ ಬರಬೇಕು? ಅತ್ತೆ 1967ರಲ್ಲಿ ಹೇಳಿದ ಲೆಕ್ಕವೇ.

ಬೀಜ ಹಾಕಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಬೀಜಗಳನ್ನು ಮೂರು ದಿನ ಉಗುರುಬೆಚ್ಚಗಿನ ನೀರಿನಲ್ಲಿ, ದಿನಕ್ಕೆರಡು ಸಲ ನೀರು ಬದಲಾಯಿಸುತ್ತ ನೆನೆಹಾಕಿದೆ. ಪೇಂಟಿನ ಹಳೆಯ ಡಬ್ಬಿಗಳ ತಳಕ್ಕೆ ತೂತು ಹೊಡೆದು, ಅರ್ಧ ಮರಳು ಅರ್ಧ ಕಾಂಪೋಸ್ಟು ತುಂಬಿ, ಒಂದು ಅಂಗುಲ ಆಳಕ್ಕೆ ಬೀಜ ಇಟ್ಟೆ. ತಾರಸಿಯಲ್ಲಿ ಬಿಸಿಲು ಚೆನ್ನಾಗಿ ಬೀಳುವ ಮೂಲೆ. ಮಣ್ಣು ಒಣಗಬಾರದು, ಕೆಸರಾಗಲೂ ಬಾರದು. ಒಂದು ತಿಂಗಳಾಯಿತು, ಎರಡಾಯಿತು, ಏನೂ ಇಲ್ಲ. ಮನೆಯವರು “ಕಲ್ಲನ್ನೇ ಬಿತ್ತಿದ್ದೀಯ” ಎಂದು ಹಾಸ್ಯ ಮಾಡಿದರು. ನಾಲ್ಕನೆಯ ತಿಂಗಳು ಒಂದು ಹಸಿರು ಸುರುಳಿ ಮೇಲೆ ಬಂತು. ಅದರ ಹಿಂದೆ ಇನ್ನೆರಡು. ಹನ್ನೊಂದರಲ್ಲಿ ಮೂರು. ಒಂದನ್ನು ಇಲಿ ಕಡಿಯಿತು, ಒಂದು ನನ್ನದೇ ಅತಿ ನೀರಿನಿಂದ ಕೊಳೆಯಿತು. ಉಳಿದ ಒಂದನ್ನು ಮನೆಯ ಮುಂದೆ, ಕಟ್ಟಡದ ಜಲ್ಲಿ ಇಟ್ಟಿಗೆಚೂರು ಉಳಿದಿದ್ದ ಮೂಲೆಯಲ್ಲಿ ನೆಟ್ಟೆ. ಬಂಡೆಯ ಮೇಲಿನ ಗಿಡಕ್ಕೆ ನೀರು ಬಸಿದು ಹೋಗುವ ಜಾಗವೇ ಬೇಕು.

ಮೊದಲ ಬೇಸಗೆಯಲ್ಲಿ ದೊಡ್ಡ ಅನಾಹುತ ತಪ್ಪಿತು. ಚಳಿಗಾಲ ಕಳೆಯುತ್ತಿದ್ದಂತೆ ಎಲೆಗಳೆಲ್ಲ ಹಳದಿಯಾಗಿ ಒಣಗಿ ಬಿದ್ದವು. ಕೈತೋಟಕ್ಕೆ ಬರುವ ಆಳು ಸತ್ತಿತೆಂದು ಹಾರೆ ಎತ್ತಿದ. ಆಗ ಅತ್ತೆ ಇನ್ನೂ ಇದ್ದರು, ಫೋನು ಮಾಡಿದೆ. “ಅದು ನಿದ್ದೆ ಮಾಡ್ತದೆ, ಎಬ್ಬಿಸಬೇಡ. ಮಳೆ ಬಂದರೆ ತಾನೇ ಏಳ್ತದೆ” ಎಂದರು. ಹಾಗೆಯೇ ಆಯಿತು. ಬಿಸಿಲುಗಾಲ ಇಡೀ ಒಂದು ಗೆಡ್ಡೆಯಾಗಿ ಕುಳಿತಿದ್ದು, ಮುಂಗಾರಿನ ಎರಡು ಮಳೆಗೆ ನಡುವಿನಿಂದ ಎಲೆ ಚಿಮ್ಮಿತು. ಪ್ರತಿ ವರ್ಷ ಬುಡ ಮಾತ್ರ ಇನ್ನಷ್ಟು ದಪ್ಪ.

ಗಿಡದ ಹುಚ್ಚು ಹತ್ತಿದ ಮೇಲೆ ಬಾಳೆಯ ನೆಂಟರ ವಿಚಾರವನ್ನೆಲ್ಲ ಓದಿದೆ. ಪೇಟೆಯ ನಮಗೆ ಈ ವಿಂಗಡಣೆ ಗೊತ್ತಿದ್ದರೆ ಒಳ್ಳೆಯದು, ಏಕೆಂದರೆ ಬಾಳೆಯಂಥ ಎಲೆ ಇದ್ದದ್ದೆಲ್ಲ ತಿನ್ನುವ ಬಾಳೆಯಲ್ಲ. ನರ್ಸರಿಯಲ್ಲಿ ಸಿಗುವ, ಕೆಂಪು ಹಳದಿ ಕೊಕ್ಕಿನಂಥ ಹೂ ಬಿಡುವ ಹೆಲಿಕೋನಿಯಾ ಎಲೆಯಲ್ಲಿ ಬಾಳೆಯನ್ನೇ ಹೋಲುತ್ತದೆ, ಆದರೆ ಅದು ಬೇರೆ ಮನೆತನ, ಅಂದಕ್ಕೆ ಮಾತ್ರ. ಬೀಸಣಿಗೆಯಂತೆ ಎಲೆ ಹರಡುವ ಟ್ರಾವೆಲರ್ಸ್ ಪಾಮ್ ಕೂಡ ಹಾಗೆಯೇ. ಗುಲಾಬಿ ಬಣ್ಣದ ಪುಟ್ಟ ಕಾಯಿ ಬಿಟ್ಟು, ಹಣ್ಣಾದಾಗ ತಾನೇ ಸಿಪ್ಪೆ ಬಿಚ್ಚಿಕೊಳ್ಳುವ ಒಂದು ಚಿಕ್ಕ ಬಾಳೆ ಈಗ ಕುಂಡಗಳಲ್ಲಿ ಸಿಗುತ್ತದೆ. ಅದು ಈಶಾನ್ಯ ಭಾರತದ ಕಾಡಿನದು, ಹೆಸರು ಮೂಸಾ ವೆಲುಟಿನಾ. ಅದರ ತಿರುಳು ಸಿಹಿ, ಆದರೆ ಬೀಜವೇ ಹೆಚ್ಚು. ನಮ್ಮ ಘಟ್ಟದ ಕಾಡುಬಾಳೆಗೂ ಬೀಜವಿದೆ, ಅದು ಸಣ್ಣದು. ಅದು ಕಂದು ಬಿಡುತ್ತದೆ, ಆದ್ದರಿಂದ ಹಿಂಡಾಗಿ ನಿಂತಿರುತ್ತದೆ. ಕಂದಿದ್ದರೆ ಅದು ಕಲ್ಲುಬಾಳೆಯಲ್ಲ.

ದೂರದ ನೆಂಟರಂತೂ ನಮ್ಮ ಅಡಿಗೆಮನೆಯಲ್ಲೇ ಇದ್ದಾರೆ. ಬಾಳೆಯ ದೊಡ್ಡ ಗಣದಲ್ಲಿ ಎಂಟು ಕುಟುಂಬಗಳು. ಶುಂಠಿ, ಅರಿಸಿನ, ಏಲಕ್ಕಿ ಒಂದು ಕುಟುಂಬ. ಮಗುವಿಗೆ ಗಂಜಿ ಕಾಯಿಸುವ ಕೂವೆಗೆಡ್ಡೆ ಇನ್ನೊಂದು. ಆಸ್ಪತ್ರೆ, ಶಾಲೆಗಳ ಅಂಗಳದಲ್ಲಿ ಕೆಂಪು ಹೂ ಬಿಡುವ ಕ್ಯಾನಾ ಮತ್ತೊಂದು. ಅದರ ಒಂದು ಬಗೆಯ ಗೆಡ್ಡೆಯಿಂದ ಹಿಟ್ಟು ತೆಗೆದು ವಿಯೆಟ್ನಾಮಿನವರು ಶ್ಯಾವಿಗೆ ಮಾಡುತ್ತಾರೆ. ಅರಿಸಿನದ ಎಲೆಯಲ್ಲಿ ಕಡುಬು ಬೇಯಿಸುವಾಗ, ಬಾಳೆಯ ಎಲೆಯಲ್ಲಿ ಅದನ್ನು ಬಡಿಸುವಾಗ, ಅವೆರಡೂ ದಾಯಾದಿಗಳು ಎಂದು ನೆನೆದರೆ ನನಗೆ ಯಾಕೋ ಖುಷಿಯಾಗುತ್ತದೆ.

ಕಲ್ಲುಬಾಳೆ ಮಾತ್ರ ಬಾಳೆಗೆ ಹತ್ತಿರದ ನೆಂಟ, ಒಂದೇ ಕುಟುಂಬ, ಆದರೆ ಬೇರೆ ಒಕ್ಕಲು. ರಾಕ್ಸ್‌ಬರ್ಗ್ ಎಂಬ ಸಸ್ಯಶಾಸ್ತ್ರಜ್ಞ ಇದನ್ನು ಬಾಳೆಯ ಜೊತೆಗೇ ಸೇರಿಸಿ ಹೆಸರಿಟ್ಟಿದ್ದ. ಚೀಸ್‌ಮನ್ ಎಂಬಾತ 1947ರಲ್ಲಿ ಇಂಥ ಕಂದಿಲ್ಲದ ಬಾಳೆಗಳನ್ನೆಲ್ಲ ಬೇರೆ ಮಾಡಿ ಎನ್ಸೆಟಿ ಎಂಬ ಜಾತಿಗೆ ಸೇರಿಸಿದ. ಈಗ ಇದರ ಹೆಸರು ಎನ್ಸೆಟಿ ಸೂಪರ್ಬಮ್. ಸೂಪರ್ಬಮ್ ಎಂದರೆ ಲ್ಯಾಟಿನ್ನಿನಲ್ಲಿ ಭವ್ಯವಾದದ್ದು, ಹೆಮ್ಮೆಯಿಂದ ತಲೆ ಎತ್ತಿದ್ದು ಎಂದು ಅರ್ಥ. ಇದನ್ನು ಓದಿದ ದಿನ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬಾವಿಕಟ್ಟೆಯಲ್ಲಿ ಅತ್ತೆಗೆ ಇಟ್ಟ ಹೆಸರು ಇದೇ ತಾನೆ.

ಇದರ ಒಡಹುಟ್ಟು ಆಫ್ರಿಕದ ಇಥಿಯೋಪಿಯದಲ್ಲಿದೆ. ಬೆಂಗಳೂರಿನಲ್ಲಿರುವ ನನ್ನ ಮಗಳು ಒಮ್ಮೆ ರಜೆಗೆ ಬಂದಾಗ ತನ್ನ ಫೋನಿನಲ್ಲಿ ಅಲ್ಲಿನ ಚಿತ್ರಗಳನ್ನು ತೋರಿಸಿದಳು. ಆ ದೇಶದ ದಕ್ಷಿಣದ ಬೆಟ್ಟದೂರುಗಳಲ್ಲಿ ಸುಮಾರು 2 ಕೋಟಿ ಜನಕ್ಕೆ ಎನ್ಸೆಟ್ ಬಾಳೆಯೇ ಅನ್ನ. ಹಣ್ಣನ್ನಲ್ಲ, ಬುಡವನ್ನೂ ಗೆಡ್ಡೆಯನ್ನೂ ತಿನ್ನುತ್ತಾರೆ. ಆ ಕೆಲಸವೆಲ್ಲ ಹೆಂಗಸರದೇ. ಪಟ್ಟೆಯನ್ನು ಹಲಗೆಗೆ ಕಾಲಿನಿಂದ ಒತ್ತಿ ಹಿಡಿದು, ಬಿದಿರಿನ ಹೆರೆಮಣೆಯಂಥದರಿಂದ ಕೆರೆದು ತಿರುಳು ತೆಗೆಯುತ್ತಾರೆ. ಅದನ್ನು ಅದೇ ಗಿಡದ ಎಲೆ ಹಾಸಿದ ಗುಂಡಿಯಲ್ಲಿ ತಿಂಗಳುಗಟ್ಟಲೆ ಹುಳಿ ಬರಿಸಿ, ರೊಟ್ಟಿ ಸುಡುತ್ತಾರೆ. ಅದಕ್ಕೆ ಕೋಚೋ ಎಂದು ಹೆಸರು. ದೋಸೆ ಹಿಟ್ಟು ಹುಳಿ ಬರಲಿಲ್ಲ ಎಂದು ಒಂದು ರಾತ್ರಿಗೇ ಗೊಣಗುವ ನಮಗೆ ಆ ತಾಳ್ಮೆ ಎಲ್ಲಿಂದ ಬರಬೇಕು. ಮಳೆ ಕೈಕೊಟ್ಟ ವರ್ಷವೂ ನಿಲ್ಲುವ ಗಿಡ ಎಂದು ಅವರಿಗೆ ಅದರ ಮೇಲೆ ಭರವಸೆ. ಅಲ್ಲಿಯೂ ಅದು ತಾನಾಗಿ ಕಂದು ಬಿಡುವುದಿಲ್ಲ. ಗೆಡ್ಡೆಯ ನಡುವಿನ ಸುಳಿಯನ್ನು ಕೊರೆದು ತೆಗೆದು ಮಣ್ಣಿನಲ್ಲಿ ಹೂತರೆ ಸುತ್ತಲೂ ಹತ್ತಾರು ಸಸಿ ಏಳುತ್ತವೆಯಂತೆ.

ಇದನ್ನು ತೋರಿಸಿದ ನನ್ನ ಮಗಳಿಗೆ ಮದುವೆಯಾಗಿ ಆಗ ಏಳು ವರ್ಷ. ಮಕ್ಕಳಿಲ್ಲ. ಬೇಕೆಂದರೂ ಆಗಲಿಲ್ಲವೋ, ಬೇಡವೆಂದು ಬಿಟ್ಟರೋ ನಾನು ಕೇಳಿಲ್ಲ. ಹೇಳಬೇಕು ಎನ್ನಿಸಿದಾಗ ಹೇಳುತ್ತಾಳೆ. ಆದರೆ ಬೀದಿಯವರು ಕೇಳದೆ ಬಿಡುತ್ತಾರೆಯೇ? “ಏನೂ ವಿಶೇಷ ಇಲ್ವಾ?” ಎಂಬ ಪ್ರಶ್ನೆ ಅವಳು ಬಂದಾಗಲೆಲ್ಲ ಗೇಟಿನ ಹತ್ತಿರವೇ ಕಾದಿರುತ್ತದೆ. ಅವಳು ನಕ್ಕು ಒಳಗೆ ಬರುತ್ತಾಳೆ. ಆ ನಗು ನಾನು ಮೊದಲು ನೋಡಿದ್ದು ಅತ್ತೆಯ ಮುಖದಲ್ಲಿ.

2017ರ ಮಳೆಗಾಲದಲ್ಲಿ ಗಿಡ ಹೂ ಹಾಕಿತು. ಎಲೆಗಳ ನಡುವಿನಿಂದ ಕೆಂಗಂದು ಬಣ್ಣದ ದೊಡ್ಡ ಮೂತಿ ಬಾಗಿ ಇಳಿಯಿತು. ಮನೆಬಾಳೆಯ ಮೂತಿಯಲ್ಲಿ ಒಂದೊಂದೇ ಹೊದಿಕೆ ಬಿಚ್ಚಿ ಉದುರುತ್ತದಲ್ಲ, ಇದರಲ್ಲಿ ಉದುರುವುದಿಲ್ಲ. ತಾವರೆಯ ದಳಗಳಂತೆ ತೆರೆದು ಅಲ್ಲೇ ನಿಲ್ಲುತ್ತವೆ, ಕಾಯಿಗಳು ಅವುಗಳ ಮಡಿಲಲ್ಲಿ ಬಲಿಯುತ್ತವೆ. ಬೀದಿಯವರೆಲ್ಲ ಬಂದು ನೋಡಿ ಹೋದರು.

ಆಗಲೇ ಎದುರುಮನೆಯ ಅಕ್ಕನ ಮಗನಿಗೆ ಮೂತ್ರಪಿಂಡದಲ್ಲಿ ಕಲ್ಲೆಂದು ಗೊತ್ತಾಯಿತು. ಹುಡುಗ ನೋವಿನಿಂದ ಹೊರಳಾಡುವುದು ನಮ್ಮ ಮನೆಗೂ ಕೇಳುತ್ತಿತ್ತು. ಗಿಡದ ಹೆಸರು ಯಾರಿಂದಲೋ ತಿಳಿದುಕೊಂಡ ಅಕ್ಕ ಓಡಿ ಬಂದರು. “ಇದೇ ಕಲ್ಲುಬಾಳೆಯಂತಲ್ಲ, ದಿಂಡು ಕೊಡಿ, ರಸ ತೆಗೆದು ಕುಡಿಸ್ತೀನಿ.” ಹೂ ಬಂದಿದೆ, ಹಣ್ಣಾಗಿ ಬೀಜವಾಗುವ ತನಕ ಕಡಿಯಲಾರೆ ಎಂದೆ. ಬೇಕಾದರೆ ಸಾಮಾನ್ಯ ಬಾಳೆದಿಂಡು ನಾನೇ ತಂದುಕೊಡುತ್ತೇನೆ, ಆದರೆ ಮೊದಲು ಡಾಕ್ಟರು ಹೇಳಿದ ಹಾಗೆ ಮಾಡಿ ಎಂದೆ. “ನಮ್ಮ ಹುಡುಗನಿಗಿಂತ ನಿಮಗೆ ಒಂದು ಗಿಡ ಹೆಚ್ಚಾಯಿತಾ?” ಎಂದು ಅವರು ಅತ್ತುಕೊಂಡು ಹೋದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿಜವಾಗಿ ಅದರಿಂದ ವಾಸಿಯಾಗುವುದಾದರೆ? ಬೆಳಿಗ್ಗೆ ಎದ್ದು ನಮ್ಮ ಪರಿಚಯದ ಡಾಕ್ಟರನ್ನು ಹೋಗಿ ಕೇಳಿದೆ. ಕಲ್ಲು ದೊಡ್ಡದಿದ್ದರೆ ಯಾವ ರಸವನ್ನೂ ನಂಬಿ ಕಾಯುವುದು ಅಪಾಯ, ಮೂತ್ರಪಿಂಡಕ್ಕೇ ಕೆಡುಕಾದೀತು, ತಡಮಾಡದೆ ಕರೆತರಲಿ ಎಂದರು. ಅದನ್ನು ಹೇಳಲು ಹೋದರೆ ಅಕ್ಕ ಬಾಗಿಲು ತೆರೆಯಲಿಲ್ಲ. ಅವರ ಸೊಸೆ ಕಿಟಕಿಯಿಂದ ಕೇಳಿಸಿಕೊಂಡಳು, ಆ ಸಂಜೆಯೇ ಗಂಡನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಕಲ್ಲು ತೆಗೆದರು, ಹುಡುಗ ಹುಷಾರಾದ. ಅಕ್ಕ ಮಾತ್ರ ಎಂಟು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಅವರನ್ನು ದೂರುವುದಿಲ್ಲ. ಮಗ ನರಳುವಾಗ ಯಾವ ತಾಯಿ ಗಿಡದ ಲೆಕ್ಕ ಕೇಳುತ್ತಾಳೆ?

2018ರ ಬೇಸಗೆಯಲ್ಲಿ ಹಣ್ಣಾಯಿತು. ತಿನ್ನಲು ಏನೂ ಇಲ್ಲ, ಬೀಜದ ಸುತ್ತ ಅಂಟಿದಷ್ಟು ತಿರುಳು. ಮೊರದ ಮೇಲೆ ಹಾಕಿ ತೊಳೆದು ಎಣಿಸುತ್ತ ಹೋದೆ. ಒಂದು ಸಾವಿರ ದಾಟಿದ ಮೇಲೆ ಎಣಿಕೆ ಬಿಟ್ಟೆ. ಗಿಡ ಮಳೆಗಾಲದ ಹೊತ್ತಿಗೆ ಕುಸಿದು ಮಣ್ಣಾಯಿತು. ನಂಜನಗೂಡಿನ ರಸಬಾಳೆಯ ಪಾಡು ನಿಮಗೆ ಗೊತ್ತಿರಬಹುದು. ಕಂದಿನಿಂದಲೇ ಬೆಳೆದ ಬಾಳೆಯೆಂದರೆ ಒಂದರ ಪಡಿಯಚ್ಚೇ ಇನ್ನೊಂದು. ಪನಾಮಾ ಸೊರಗು ರೋಗ ಒಂದಕ್ಕೆ ತಗಲಿದರೆ ತೋಟದಲ್ಲಿ ತಡೆದುಕೊಳ್ಳುವ ಒಂದೂ ಇರುವುದಿಲ್ಲ. ಬೀಜದಿಂದ ಬಂದದ್ದು ಹಾಗಲ್ಲ, ಪ್ರತಿಯೊಂದರ ಗುಣವೂ ಸ್ವಲ್ಪ ಬೇರೆ. ಕಂದಿನ ದಾರಿಯೂ ಒಳ್ಳೆಯದೇ, ಬೀಜದ ದಾರಿಯೂ ಒಳ್ಳೆಯದೇ. ಒಂದನ್ನು ಹಿಡಿದು ಇನ್ನೊಂದನ್ನು ಅಳೆಯುವುದು ಬೇಡ ಎಂದಷ್ಟೇ ನಾನು ಹೇಳುವುದು.

ಮರುವರ್ಷ ಎದುರುಮನೆಯ ಸೊಸೆಯ ಸೀಮಂತ. ಅಕ್ಕ ತಾವೇ ಬಂದು ಕುಂಕುಮ ಕೊಟ್ಟು ಕರೆದರು, ಹಳೆಯದನ್ನು ಇಬ್ಬರೂ ಎತ್ತಲಿಲ್ಲ. ನನ್ನ ಮಗಳೂ ಊರಿನಲ್ಲಿದ್ದಳು, ಜೊತೆಗೆ ಬಂದಳು. ಆರತಿಯ ಹೊತ್ತಿಗೆ ಯಾರೋ ಹಿರಿಯರು “ಮಕ್ಕಳಾದವರು ಮುಂದೆ ಬನ್ನಿ” ಎಂದರು. ಮಗಳು ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು. ತಟ್ಟೆ ನನ್ನ ಕೈಗೆ ಬಂದಿತ್ತು. ಅದನ್ನು ಹಿಡಿದು ಮಗಳ ಹತ್ತಿರ ಹೋಗಿ, “ಹಿಡಿ, ನಾವಿಬ್ಬರೂ ಎತ್ತೋಣ” ಎಂದೆ. ಕೈ ನಡುಗುತ್ತಿತ್ತು, ದನಿಯೂ ನಡುಗಿತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಮಣೆಯ ಮೇಲಿದ್ದ ಹುಡುಗಿಯೇ “ಬನ್ನಿ ಅಕ್ಕ” ಎಂದು ನನ್ನ ಮಗಳನ್ನು ಕರೆದಳು. ಮೂವತ್ತಾರು ವರ್ಷದ ಹಿಂದೆ ನಾನು ಹೇಳಬೇಕಾಗಿದ್ದ ಮಾತು ಆ ಮಗುವಿನ ಬಾಯಿಂದ ಎಷ್ಟು ಸಲೀಸಾಗಿ ಬಂತು!

ಬೀಜಗಳನ್ನು ಕಾಗದದ ಪೊಟ್ಟಣ ಮಾಡಿ ಕೇಳಿದವರಿಗೆಲ್ಲ ಕೊಟ್ಟೆ. ತವರಿನ ಗುಡ್ಡಕ್ಕೆ ತಮ್ಮನ ಕೈಲಿ ಒಂದು ಸೇರು ಕಳಿಸಿದೆ, ಬಂಡೆಯ ಸೀಳುಗಳಿಗೆ ತುಂಬಿ ಬಂದಿದ್ದಾನೆ. ನೀವು ಬೆಳೆಸುವುದಾದರೆ ಬೆಳೆಸಿದವರಿಂದ ಬೀಜ ಪಡೆಯಿರಿ, ಕಾಡಿನಿಂದ ಗಿಡ ಕೀಳಬೇಡಿ. ತಿನ್ನುವ ಆಸೆಯಾದರೆ ಮೂರು ನಾಲ್ಕು ಬೆಳೆಸಿ ಒಂದನ್ನು ತಿನ್ನಿ. ಎಂಟೊಂಬತ್ತು ವರ್ಷ ಕಾಯುವ ವ್ಯವಧಾನವಿರಲಿ.

ಎದುರುಮನೆಯ ಅಕ್ಕನೂ ಒಂದು ಪೊಟ್ಟಣ ಒಯ್ದಿದ್ದಾರೆ. ಮೊನ್ನೆ ಗೇಟಿನ ಹತ್ತಿರ ನಿಂತು, “ಮೂರು ಎದ್ದಿದೆ ಕಣ್ರೀ, ಆದರೆ ಬೇಸಗೆಗೆ ಒಣಗಿ ಹೋಯ್ತು” ಎಂದು ಬೇಜಾರು ಮಾಡಿಕೊಂಡರು.

“ನಿದ್ದೆ ಮಾಡ್ತಿದೆ ಅಕ್ಕ, ಎಬ್ಬಿಸಬೇಡಿ. ಮಳೆ ಬರಲಿ” ಎಂದೆ.